ಉಮೇದುವಾರನ ಮೇಲೆ ಯಾರ ಉಪ್ಪಿನ ಋಣ?

(ಅಲಂಪುರದಲ್ಲಿ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)





ಚುನಾವಣೆ ಬಂತೆಂದರೆ ನಮ್ಮ ಓಣಿಗಳಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಉಮೇದುವಾರ ಯಾವ ಜಾತಿಯವನು? ಯಾವ ಪಕ್ಷದವನು? ಈ ಸಲ ಏನು ಕೊಡುತ್ತಾನೆ? ಈ ಮೂರಕ್ಕೆ ಉತ್ತರ ಸಿಕ್ಕಿತೆಂದರೆ ಮಾತು ಮುಗಿಯಿತು. ನಾಲ್ಕನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅವನ ವ್ಯಾಪಾರ ಯಾರ ಜೊತೆ? ಅವನು ಯಾವ ಕಂಪನಿಯ ಪಾಲುದಾರ, ಯಾವ ಕಂಪನಿಯ ಏಜೆಂಟ, ಯಾರ ಸಾಲಗಾರ? ಆ ಕಂಪನಿಯ ಒಡೆಯರು ಈ ದೇಶದವರೋ, ಹೊರದೇಶದವರೋ? ಇವತ್ತು ಆ ನಾಲ್ಕನೆಯ ಪ್ರಶ್ನೆಯನ್ನು ಕುರಿತು ನಾವು ನಿಮ್ಮೊಡನೆ ಮಾತಾಡಬೇಕಾಗಿದೆ.

ಇದು ದೊಡ್ಡವರ ವಿಷಯ, ಕೂಲಿಕಾರರಾದ ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹಾಗಿದ್ದರೆ ನಮಗೆಲ್ಲ ಗೊತ್ತಿರುವ ಸಂಗತಿಯಿಂದಲೇ ಪ್ರಾರಂಭಿಸೋಣ. ಈ ಸೀಮೆಯಿಂದ ಮೂರು ತಲೆಮಾರಿನ ಜನ ಗುಂಪು ಕಟ್ಟಿಕೊಂಡು ಮುಂಬಯಿಗೆ, ಹೈದರಾಬಾದಿಗೆ, ಬೆಂಗಳೂರಿಗೆ ಮಣ್ಣು ಹೊರಲು ಹೋಗಿದ್ದಾರೆ. ಪಾಲಮೂರು ಲೇಬರ್ ಎಂಬ ಹೆಸರೇ ಬಿದ್ದಿದೆ. ಗುಂಪಿಗೊಬ್ಬ ಮೇಸ್ತ್ರಿ ಇರುತ್ತಾನೆ. ಅವನು ನಮ್ಮ ಊರಿನವನೇ, ನಮ್ಮ ಭಾಷೆಯವನೇ. ಕಂಟ್ರಾಕ್ಟರನ ಹತ್ತಿರ ನಮ್ಮ ಪರವಾಗಿ ಕೂಲಿ ಮಾತಾಡುವವನು ಅವನೇ. ಆದರೆ ತಲೆಗೆ ಇಷ್ಟೆಂದು ಕಮಿಷನ್ ಕೊಡುವವನು ಕಂಟ್ರಾಕ್ಟರನು. ಕೂಲಿ ಹೆಚ್ಚಿಸಿ ಎಂದು ಗಟ್ಟಿಯಾಗಿ ಕೇಳಬೇಕಾದ ದಿನ ಆ ಮೇಸ್ತ್ರಿಯ ದನಿ ಏಕೆ ಸಣ್ಣದಾಗುತ್ತದೆ ಎಂದು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಅವನು ಕೆಟ್ಟವನೇ ಆಗಿರಬೇಕೆಂದಿಲ್ಲ. ಎರಡು ಕಡೆಯ ಋಣ ಹೊತ್ತಿದ್ದಾನೆ, ಅಷ್ಟೇ. ಭಾರವಾದ ಋಣದ ಕಡೆಗೆ ನಾಲಿಗೆ ಹೊರಳುತ್ತದೆ.

ಶಾಸಕನೂ ಸಂಸತ್ ಸದಸ್ಯನೂ ನಾವು ಆರಿಸಿ ಕಳುಹಿಸುವ ಮೇಸ್ತ್ರಿಗಳೇ. ಕಂಪನಿ ಹೊರದೇಶದ್ದಾದಾಗ ಈ ಮಾತಿಗೆ ಇನ್ನೂ ತೂಕ ಬರುತ್ತದೆ. ಊರ ಸಾವಕಾರನು ಅನ್ಯಾಯ ಮಾಡಿದರೆ ಅವನ ಕಟ್ಟೆಯ ಮುಂದೆ ಹೋಗಿ ಕೂಡಬಹುದು. ಒಡೆಯನು ಲಂಡನ್ನಿನಲ್ಲೋ ಅಮೆರಿಕಾದಲ್ಲೋ ಇದ್ದರೆ ಯಾರ ಕಟ್ಟೆಗೆ ಹೋಗೋಣ? ಇಲ್ಲಿಯ ಮ್ಯಾನೇಜರನು ಮೇಲಿನಿಂದ ಆರ್ಡರ್ ಬರಬೇಕು ಎನ್ನುತ್ತಾನೆ. ಅಷ್ಟು ದೂರದ ಧಣಿಗೆ ನಮ್ಮ ದನಿ ಮುಟ್ಟಿಸುವ ಶಕ್ತಿ ಇರುವುದು ಸರಕಾರಕ್ಕೆ, ಕಾನೂನಿಗೆ. ಆ ಕಾನೂನು ಮಾಡಲು ನಾವು ಕಳುಹಿಸಿದವನೇ ಆ ಧಣಿಯ ಲೆಕ್ಕದ ಪುಸ್ತಕದಲ್ಲಿ ಇದ್ದರೆ ನಮಗಿದ್ದ ಒಂದು ದಾರಿಯೂ ಮುಚ್ಚಿದಂತೆ. ಇವತ್ತಿನ ನಮ್ಮ ಮಾತಿನ ತಿರುಳು ಇಷ್ಟೇ.

ನಮ್ಮ ಸೀಮೆಗೆ ಇದು ಹೊಸ ಪಾಠವೂ ಅಲ್ಲ. ೧೯೫೬ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಗೀಚುವವರೆಗೆ ಅಲಂಪುರ, ಗದ್ವಾಲ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಅದಕ್ಕೂ ಮುಂಚೆ ಎಲ್ಲವೂ ನಿಜಾಮನ ರಾಜ್ಯ. ಆ ರಾಜ್ಯದಲ್ಲಿ ೧೮೮೬ರಲ್ಲಿ ಒಂದು ಒಪ್ಪಂದವಾಯಿತು. ವಾಟ್ಸನ್, ಸ್ಟೂವರ್ಟ್ ಎಂಬ ಇಬ್ಬರು ಲಂಡನ್ ವ್ಯಾಪಾರಸ್ಥರಿಗೆ ರಾಜ್ಯದ ಖನಿಜಗಳ ಹಕ್ಕನ್ನು ೯೯ ವರ್ಷಕ್ಕೆ ಬರೆದುಕೊಡಲಾಯಿತು. ಹೈದರಾಬಾದ್ ಡೆಕ್ಕನ್ ಕಂಪನಿ ಎಂದು ಲಂಡನ್ನಿನಲ್ಲಿ ಕಂಪನಿ ಎದ್ದಿತು. ಹತ್ತು ಪೌಂಡಿನ ಒಂದು ಲಕ್ಷ ಶೇರು. ಅದರಲ್ಲಿ ೮೫ ಸಾವಿರ ಶೇರುಗಳನ್ನು ಹಕ್ಕು ಪಡೆದವರು ತಮ್ಮ ಹೆಸರಿಗೇ ಬರೆದುಕೊಂಡರು. ನಿಜಾಮನ ಪರವಾಗಿ ಈ ಮಾತುಕತೆ ನಡೆಸಿದವನು ಅಬ್ದುಲ್ ಹಕ್ ಎಂಬ ದೊಡ್ಡ ಅಧಿಕಾರಿ. ಅವನಿಗೂ ಆ ಶೇರುಗಳಲ್ಲಿ ಗುಟ್ಟಾಗಿ ಪಾಲು ಇತ್ತು. ಸಾಲದ್ದಕ್ಕೆ, ನಿಜಾಮ ಸರಕಾರಕ್ಕಾಗಿ ಪೇಟೆಯಲ್ಲಿ ಶೇರು ಕೊಂಡಿದ್ದೇನೆ ಎಂದು ಹೇಳಿ ತನ್ನವೇ ಶೇರುಗಳನ್ನು ಸರಕಾರಕ್ಕೆ ಮಾರಿದ್ದನು. ೧೮೮೮ರಲ್ಲಿ ಇದು ಬಯಲಾಗಿ ಇಂಗ್ಲೆಂಡಿನ ಪಾರ್ಲಿಮೆಂಟೇ ಸಮಿತಿ ನೇಮಿಸಿ ವಿಚಾರಣೆ ಮಾಡಬೇಕಾಯಿತು. ಅಬ್ದುಲ್ ಹಕ್‌ನ ಅಧಿಕಾರ ಹೋಯಿತು. ಆದರೆ ನೆಲದಡಿಯ ಹಕ್ಕು ಕಂಪನಿಯ ಕೈಯಲ್ಲೇ ಉಳಿಯಿತು. ಸಿಂಗರೇಣಿಯ ಕಲ್ಲಿದ್ದಲನ್ನು ಮೊದಲು ಅಗೆದದ್ದು ಅದೇ ಕಂಪನಿ. ಆ ಗಣಿಗಳನ್ನು ನಿಜಾಮ ಸರಕಾರ ತನ್ನ ಕೈಗೆ ತೆಗೆದುಕೊಂಡದ್ದು ೧೯೪೫ರಲ್ಲಿ.

ಗಮನಿಸಿ. ಅಲ್ಲಿ ಕೆಟ್ಟದ್ದು ಪರದೇಶದ ದುಡ್ಡು ಬಂದದ್ದಲ್ಲ. ಮಾರುವವನ ಪರವಾಗಿ ಕೂತವನೇ ಕೊಳ್ಳುವವನ ಪಾಲುದಾರನೂ ಆಗಿದ್ದು, ಅದನ್ನು ಮುಚ್ಚಿಟ್ಟದ್ದು ಕೆಟ್ಟದ್ದು. ಆಗ ಜನರಿಗೆ ಓಟಿರಲಿಲ್ಲ, ಕೇಳುವ ಹಕ್ಕೂ ಇರಲಿಲ್ಲ. ಈಗ ಎರಡೂ ಇವೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ಗಡಿಯಾಚೆ ಕರ್ನಾಟಕದಲ್ಲಿ ನಡೆದ ಸಂಗತಿ, ನಮ್ಮ ಬಂಧುಬಳಗ ಇರುವ ರಾಜ್ಯದ್ದು. ವಿಜಯ್ ಮಲ್ಯ ಅವರು ೨೦೦೨ರಲ್ಲಿ ಒಂದು ಸಲ, ೨೦೧೦ರಲ್ಲಿ ಇನ್ನೊಂದು ಸಲ ಕರ್ನಾಟಕದಿಂದ ಪಕ್ಷೇತರರಾಗಿ ರಾಜ್ಯಸಭೆಗೆ ಆರಿಸಿಬಂದರು. ರಾಜ್ಯಸಭೆಗೆ ಓಟು ಹಾಕುವವರು ಶಾಸಕರು. ಶಾಸಕರಿಗೆ ಓಟು ಹಾಕಿದವರು ಕೂಲಿಕಾರರು, ಒಕ್ಕಲಿಗರು. ಅವರಿಗೆ ಬೆಂಬಲ ಕೊಟ್ಟದ್ದು ಒಂದೇ ಪಕ್ಷವಲ್ಲ. ಎರಡು ಚುನಾವಣೆಗಳನ್ನು ಸೇರಿಸಿ ನೋಡಿದರೆ ರಾಜ್ಯದ ಮೂರೂ ದೊಡ್ಡ ಪಕ್ಷಗಳ ಓಟು ಅವರಿಗೆ ಬಿದ್ದಿವೆ. ಆದುದರಿಂದ ಯಾವ ಪಕ್ಷದವರೂ ಇನ್ನೊಬ್ಬರ ಕಡೆ ಬೆರಳು ತೋರಿಸುವಂತಿಲ್ಲ.

ಅವರು ಮದ್ಯ, ಬಿಯರು, ವಿಮಾನ ಈ ಮೂರು ದಂಧೆಗಳ ಒಡೆಯರಾಗಿದ್ದರು. ಬಿಯರ್ ಕಂಪನಿಯಲ್ಲಿ ೨೦೦೮ರಿಂದ ಹಾಲೆಂಡಿನ ಹೈನೆಕೆನ್ ಕಂಪನಿ ಪಾಲುದಾರ. ಮದ್ಯದ ಕಂಪನಿಯನ್ನು ಇಂಗ್ಲೆಂಡಿನ ಡಿಯಾಜಿಯೋ ಕಂಪನಿಗೆ ಮಾರುವ ಒಪ್ಪಂದ ೨೦೧೨ರ ನವೆಂಬರಿನಲ್ಲಿ ಪ್ರಕಟವಾಯಿತು. ೨೦೧೪ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಶೇರು ಆ ಕಂಪನಿಯ ವಶವಾಯಿತು. ಈ ಮಾರಾಟಕ್ಕೆ ಭಾರತದ ಸರಕಾರಿ ಮಂಡಲಿಗಳ ಅನುಮತಿ ಬೇಕಿತ್ತು. ವಿಮಾನ ಕಂಪನಿಗೆ ದುಡ್ಡಿನ ಅಡಚಣೆಯಾದಾಗ, ಹೊರದೇಶದ ವಿಮಾನ ಕಂಪನಿಗಳು ಇಲ್ಲಿ ಬಂಡವಾಳ ಹಾಕಲು ಬಿಡಬೇಕೆಂದು ಅವರು ಬಹಿರಂಗವಾಗಿಯೇ ಕೇಳುತ್ತಿದ್ದರು. ೨೦೧೨ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಶೇಕಡಾ ೪೯ರವರೆಗೆ ಅನುಮತಿ ಕೊಟ್ಟಿತು. ೨೦೧೨ರ ಈ ದಿನಗಳಲ್ಲಿ ಅವರು ಕಾನೂನು ಮಾಡುವ ಸಭೆಯ ಸದಸ್ಯರೂ ಆಗಿದ್ದರು. ವ್ಯಾಪಾರಿಯಾಗಿ ಹೀಗೆ ಕೇಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಕೇಳುವವನೂ ಕೊಡುವ ಸಭೆಯಲ್ಲಿ ಕೂಡುವವನೂ ಒಬ್ಬನೇ ಆದರೆ, ಆ ಸಭೆಯಲ್ಲಿ ಕೂಲಿಯವನ ಪರವಾಗಿ ಕೂತವನು ಯಾರು ಎಂಬುದು ನಮ್ಮ ಪ್ರಶ್ನೆ.

ಕಾರ್ಮಿಕರ ಗತಿ ಏನಾಯಿತು ನೋಡಿ. ಕಿಂಗ್‌ಫಿಷರ್ ವಿಮಾನ ಕಂಪನಿ ತನ್ನ ನೌಕರರಿಗೆ ೨೦೧೨ರಲ್ಲಿ ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ. ಇಂಜಿನಿಯರರು, ಪೈಲಟರು ಕೆಲಸ ನಿಲ್ಲಿಸಿದರು. ಅಕ್ಟೋಬರಿನಲ್ಲಿ ವಿಮಾನಗಳು ನಿಂತವು, ಲೈಸೆನ್ಸು ಅಮಾನತಾಯಿತು. ಬ್ಯಾಂಕುಗಳ ಬಾಕಿ ಬಡ್ಡಿ ಸೇರಿ ೯ ಸಾವಿರ ಕೋಟಿ ರೂಪಾಯಿಗೆ ಮುಟ್ಟಿತು. ೨೦೧೬ರ ಫೆಬ್ರವರಿಯಲ್ಲಿ ಮದ್ಯದ ಕಂಪನಿಯ ಅಧ್ಯಕ್ಷ ಪದವಿ ಬಿಡುವುದಕ್ಕೆಂದು ಡಿಯಾಜಿಯೋ ಕಂಪನಿ ಮಲ್ಯ ಅವರಿಗೆ ೭ ಕೋಟಿ ೫೦ ಲಕ್ಷ ಡಾಲರ್ ಕೊಡಲು ಒಪ್ಪಿತು. ನಮ್ಮ ದುಡ್ಡಿನಲ್ಲಿ ಆಗ ಸುಮಾರು ೫೧೫ ಕೋಟಿ ರೂಪಾಯಿ. ಅದರಲ್ಲಿ ೪ ಕೋಟಿ ಡಾಲರ್ ಕೂಡಲೇ ಕೊಟ್ಟಿತು. ಮಾರ್ಚ್ ೨ರಂದು ಅವರು ದೇಶ ಬಿಟ್ಟರು. ಆಗಲೂ ಅವರು ರಾಜ್ಯಸಭೆಯ ಸದಸ್ಯರೇ; ಸದಸ್ಯತ್ವ ಕೊನೆಯಾದದ್ದು ಮೇ ತಿಂಗಳಲ್ಲಿ. ಆ ೪ ಕೋಟಿ ಡಾಲರನ್ನು ಕೋರ್ಟಿನ ಆಜ್ಞೆ ಮೀರಿ ಮಕ್ಕಳಿಗೆ ವರ್ಗಾಯಿಸಿದ್ದಕ್ಕಾಗಿ ಸುಪ್ರೀಂ ಕೋರ್ಟು ೨೦೧೭ರಲ್ಲಿ ಅವರನ್ನು ನ್ಯಾಯಾಲಯ ನಿಂದನೆಯ ದೋಷಿ ಎಂದಿತು. ೨೦೨೨ರ ಜುಲೈಯಲ್ಲಿ ನಾಲ್ಕು ತಿಂಗಳ ಶಿಕ್ಷೆ ವಿಧಿಸಿತು.

ಅವರ ಪಕ್ಷದ ಮಾತನ್ನೂ ಹೇಳುವುದು ನ್ಯಾಯ. ತಮ್ಮ ಆಸ್ತಿ ಮಾರಿ ಬ್ಯಾಂಕುಗಳು ಸಾಲಕ್ಕಿಂತ ಹೆಚ್ಚು ವಸೂಲು ಮಾಡಿಕೊಂಡಿವೆ ಎಂದು ಅವರು ವಾದಿಸುತ್ತಾರೆ. ೧೪ ಸಾವಿರ ಕೋಟಿ ರೂಪಾಯಿಗೂ ಮೇಲ್ಪಟ್ಟ ಆಸ್ತಿಯನ್ನು ಬ್ಯಾಂಕುಗಳಿಗೆ ಒಪ್ಪಿಸಲಾಗಿದೆ ಎಂದು ೨೦೨೪ರ ಡಿಸೆಂಬರಿನಲ್ಲಿ ಹಣಕಾಸು ಮಂತ್ರಿಗಳೇ ಲೋಕಸಭೆಯಲ್ಲಿ ಹೇಳಿದರು. ಇರಲಿ. ಆದರೆ ಬ್ಯಾಂಕಿಗೆ ವಕೀಲರಿದ್ದರು, ಹೊರದೇಶದ ಕಂಪನಿಗೆ ವಕೀಲರಿದ್ದರು. ಸಂಬಳ ಬರದ ನೌಕರನು ವರ್ಷಗಟ್ಟಲೆ ಕಾದನು. ರಾಜ್ಯಸಭೆಯಲ್ಲಿ ಅವನ ರಾಜ್ಯದ ಪ್ರತಿನಿಧಿ ಯಾರಾಗಿದ್ದರು? ಅವನಿಗೆ ಸಂಬಳ ಕೊಡಬೇಕಾದ ಧಣಿಯೇ ಆಗಿದ್ದರು.

ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಬಹುದು. ಸ್ವಲ್ಪ ಹೇಳುತ್ತದೆ. ಸುಪ್ರೀಂ ಕೋರ್ಟಿನ ೨೦೦೨ ಮತ್ತು ೨೦೦೩ರ ತೀರ್ಪುಗಳಿಂದಾಗಿ ಪ್ರತಿಯೊಬ್ಬ ಉಮೇದುವಾರನೂ ನಾಮಪತ್ರದ ಜೊತೆಗೆ ಪ್ರಮಾಣಪತ್ರ ಕೊಡಬೇಕು. ತನ್ನ ಮತ್ತು ಹೆಂಡತಿ ಅಥವಾ ಗಂಡನ, ಅವಲಂಬಿತ ಮಕ್ಕಳ ಆಸ್ತಿ, ಸಾಲ, ಶೇರುಗಳು, ತನ್ನ ಮೇಲಿನ ಮೊಕದ್ದಮೆಗಳು ಅದರಲ್ಲಿ ಬರಬೇಕು. ೨೦೧೮ರ ತೀರ್ಪಿನ ನಂತರ ಆದಾಯ ಎಲ್ಲಿಂದ ಬರುತ್ತದೆ ಎಂಬುದೂ, ೨೦೧೯ರಿಂದ ಹೊರದೇಶದಲ್ಲಿರುವ ಆಸ್ತಿಯ ವಿವರವೂ ಸೇರಬೇಕು. ಸುಳ್ಳು ಬರೆದರೆ ಆರು ತಿಂಗಳವರೆಗೆ ಶಿಕ್ಷೆಯುಂಟು. ಈ ಪತ್ರವನ್ನು ಯಾರು ಬೇಕಾದರೂ ಓದಬಹುದು.

ಆದರೆ ಬಲೆಯಲ್ಲಿ ತೂತುಗಳಿವೆ. ಸರಕಾರದ ಜೊತೆಗೆ ಕಂಟ್ರಾಕ್ಟು ಇದೆಯೇ ಎಂದು ಪತ್ರ ಕೇಳುತ್ತದೆ. ಹೊರದೇಶದ ಕಂಪನಿಯ ಏಜನ್ಸಿ ಇದೆಯೇ ಎಂದು ಪ್ರತ್ಯೇಕವಾಗಿ ಕೇಳುವುದಿಲ್ಲ. ಬೆಳೆದು ದುಡಿಯುವ ಮಗ, ಅಳಿಯ, ತಮ್ಮ ಇವರು ಅವಲಂಬಿತರಲ್ಲ. ಅವರ ವ್ಯಾಪಾರ ಕಾಗದಕ್ಕೆ ಬರುವುದಿಲ್ಲ. ಕಂಪನಿಯ ಹೆಸರು ಬರೆದರೂ ಆ ಕಂಪನಿಯ ಹಿಂದೆ ಇನ್ನೊಂದು ಕಂಪನಿ, ಅದರ ಹಿಂದೆ ಸಮುದ್ರದಾಚೆ ಮತ್ತೊಂದು ಕಂಪನಿ ಇದ್ದರೆ ಓದುವ ನಮಗೆ ಕಾಣಿಸುವುದು ಮೊದಲಿನದು ಮಾತ್ರ.

ವ್ಯಕ್ತಿಗಳ ಮಾತು ಹೀಗಾಯಿತು. ಪಕ್ಷಗಳ ಮಾತು ಇನ್ನೂ ವಿಚಿತ್ರವಾದದ್ದು. ಹೊರದೇಶದ ಮೂಲದಿಂದ ರಾಜಕೀಯ ಪಕ್ಷಗಳು ದುಡ್ಡು ತೆಗೆದುಕೊಳ್ಳಬಾರದೆಂದು ೧೯೭೬ರಲ್ಲೇ ಕಾನೂನಾಯಿತು. ಅರ್ಧಕ್ಕಿಂತ ಹೆಚ್ಚು ಶೇರು ಹೊರದೇಶದವರದಾದರೆ, ಭಾರತದಲ್ಲಿ ನೋಂದಾಯಿಸಿದ ಕಂಪನಿಯೂ ಹೊರದೇಶದ ಮೂಲವೇ ಎಂದು ಆ ಕಾನೂನು ಹೇಳಿತ್ತು. ಇಂಗ್ಲೆಂಡಿನಲ್ಲಿ ನೋಂದಣಿಯಾದ ವೇದಾಂತ ಕಂಪನಿಯ ಹಿಡಿತದಲ್ಲಿ ಸ್ಟರ್ಲೈಟ್, ಸೇಸಾ ಗೋವಾ ಎಂಬ ಕಂಪನಿಗಳಿದ್ದವು. ಸೇಸಾ ಕಂಪನಿಗೆ ನಮ್ಮ ಚಿತ್ರದುರ್ಗದಲ್ಲಿಯೂ ಕಬ್ಬಿಣದ ಅದಿರಿನ ಗಣಿ ಇದೆ. ಈ ಕಂಪನಿಗಳಿಂದ ಕಾಂಗ್ರೆಸ್ಸೂ ಭಾರತೀಯ ಜನತಾ ಪಕ್ಷವೂ ದೇಣಿಗೆ ಪಡೆದಿದ್ದವು. ನಮ್ಮ ತೆಲುಗು ಸೀಮೆಯ ನಿವೃತ್ತ ಅಧಿಕಾರಿ ಇ. ಎ. ಎಸ್. ಶರ್ಮಾ ಅವರೂ ಎ.ಡಿ.ಆರ್. ಸಂಸ್ಥೆಯವರೂ ದೆಹಲಿ ಹೈಕೋರ್ಟಿಗೆ ಹೋದರು. ೨೦೧೪ರ ಮಾರ್ಚ್ ೨೮ರಂದು ಹೈಕೋರ್ಟು ಎರಡೂ ಪಕ್ಷಗಳು ಕಾನೂನು ಮುರಿದಿವೆ ಎಂದು ತೀರ್ಪು ಕೊಟ್ಟು, ಆರು ತಿಂಗಳೊಳಗೆ ಕ್ರಮ ತೆಗೆದುಕೊಳ್ಳಿರಿ ಎಂದಿತು.

ಕ್ರಮ ಏನಾಯಿತು? ಕಾನೂನನ್ನೇ ಬದಲಾಯಿಸಿದರು. ೨೦೧೬ರ ಹಣಕಾಸು ಕಾಯ್ದೆಯಲ್ಲಿ ಹೊರದೇಶದ ಮೂಲ ಎಂಬುದರ ಅರ್ಥವನ್ನು ತಿದ್ದಿ, ತಿದ್ದುಪಡಿ ೨೦೧೦ರಿಂದಲೇ ಜಾರಿ ಎಂದರು. ಹಳೆಯ ದೇಣಿಗೆಗಳು ಅದರಲ್ಲೂ ಹೊರಗೆ ಉಳಿದವೆಂದು ೨೦೧೮ರ ಹಣಕಾಸು ಕಾಯ್ದೆಯಲ್ಲಿ ಇನ್ನೂ ಹಿಂದಕ್ಕೆ, ೧೯೭೬ರ ಆಗಸ್ಟ್ ೫ಕ್ಕೆ ಒಯ್ದರು. ನಲವತ್ತೆರಡು ವರ್ಷದ ತಪ್ಪು ಒಂದೇ ಸಾಲಿನಲ್ಲಿ ತಪ್ಪಲ್ಲವೆಂದಾಯಿತು. ಅದೇ ೨೦೧೮ರಲ್ಲಿ, ಕೊಟ್ಟವರ ಹೆಸರು ಕಾಣದಂತೆ ಮಾಡುವ ಚುನಾವಣಾ ಬಾಂಡೂ ಬಂತು. ಅದನ್ನು ಸುಪ್ರೀಂ ಕೋರ್ಟು ೨೦೨೪ರ ಫೆಬ್ರವರಿ ೧೫ರಂದು ರದ್ದು ಮಾಡಿತು. ಕೊಟ್ಟವರು ಯಾರೆಂದು ತಿಳಿಯುವುದು ಓಟುದಾರನ ಹಕ್ಕು ಎಂದು ಐದು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಹೇಳಿದರು. ಆ ಮಾತನ್ನು ನಾವು ಗಂಟು ಕಟ್ಟಿಟ್ಟುಕೊಳ್ಳಬೇಕು.

ಇಲ್ಲಿ ಒಂದು ಮಾತು ಹೇಳದೆ ಇರಲಾಗುವುದಿಲ್ಲ. ಹೊರದೇಶದ ದುಡ್ಡು ಎಂಬ ಮಾತು ಬಂದ ಕೂಡಲೇ ಮೊದಲು ಬೆರಳು ತಿರುಗುವುದು ನಮ್ಮಂಥ ಸಣ್ಣ ಸಭೆಗಳ ಕಡೆಗೆ, ಹಾಸ್ಟೆಲು ಆಸ್ಪತ್ರೆಗಳ ಕಡೆಗೆ. ಅದೇ ವಿದೇಶಿ ದೇಣಿಗೆ ಕಾನೂನಿನ ಕೆಳಗೆ ಒಂದು ಅನಾಥಾಲಯ ವರ್ಷ ವರ್ಷವೂ ಲೆಕ್ಕ ಒಪ್ಪಿಸಬೇಕು. ೨೦೨೦ರ ತಿದ್ದುಪಡಿಯ ನಂತರ ಹೊರದೇಶದಿಂದ ಬರುವ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು. ಲೆಕ್ಕ ಕೊಡುವುದು ಸರಿಯೇ, ಕೊಡಲೇಬೇಕು. ಆದರೆ ಅನಾಥಾಲಯಕ್ಕೆ ಮುಂದಿನ ವರ್ಷದ ಲೆಕ್ಕಕ್ಕೂ ಗಡುವು, ಪಕ್ಷಗಳಿಗೆ ನಲವತ್ತು ವರ್ಷ ಹಿಂದಿನದಕ್ಕೂ ಮಾಫಿ. ಇದು ಒಂದೇ ತಕ್ಕಡಿಯೇ?

ಈಗ ನಮ್ಮ ಹೊಲಕ್ಕೆ ಬರೋಣ. ಈ ನಡಿಗಡ್ಡ ಸೀಮೆ ಬೀಜದ ಹತ್ತಿಗೆ ಹೆಸರಾದದ್ದು. ಕ್ರಾಸಿಂಗ್ ಕಾಲದಲ್ಲಿ ಹೂವು ಬಿಡಿಸಿ ಪರಾಗ ಮುಟ್ಟಿಸಲು ಹೆಣ್ಣುಮಕ್ಕಳ ಕೈಗಳೇ ಬೇಕು. ಶಾಲೆ ಬಿಟ್ಟ ಮಕ್ಕಳ ಕೈಗಳೂ ಎಷ್ಟೋ ವರ್ಷ ಅದರಲ್ಲಿ ಸವೆದಿವೆ. ಕಂಪನಿಗೂ ಒಕ್ಕಲಿಗನಿಗೂ ನಡುವೆ ಆರ್ಗನೈಸರನಿರುತ್ತಾನೆ. ಮುಂಗಡ ಕೊಡುವವನು, ಬೀಜ ಒಯ್ಯುವವನು, ಫೇಲಾಯಿತು ಎಂದು ಹೇಳುವವನು ಎಲ್ಲ ಅವನೇ. ಕಂಪನಿಯ ಮುಖವನ್ನು ಒಕ್ಕಲಿಗ ಕಾಣುವುದೇ ಇಲ್ಲ.

ಬಿಟಿ ಹತ್ತಿಗೆ ೨೦೦೨ರಲ್ಲಿ ಅನುಮತಿ ಸಿಕ್ಕಿತು. ಅಮೆರಿಕಾದ ಮೊನ್ಸಾಂಟೋ ಕಂಪನಿಯೂ ಇಲ್ಲಿಯ ಮಹೈಕೋ ಕಂಪನಿಯೂ ಸಮಪಾಲಿನಲ್ಲಿ ಕಟ್ಟಿದ ಸಂಸ್ಥೆ ಆ ತಂತ್ರಕ್ಕೆ ರಾಯಲ್ಟಿ ಪಡೆಯುತ್ತಿತ್ತು. ೪೫೦ ಗ್ರಾಮಿನ ಪೊಟ್ಟಣಕ್ಕೆ ೧೬೦೦ ರೂಪಾಯಿಗೂ ಮೇಲೆ ಬೆಲೆ. ಅದರಲ್ಲಿ ದೊಡ್ಡ ಪಾಲು ರಾಯಲ್ಟಿಯೇ. ೨೦೦೬ರಲ್ಲಿ ಆಗಿನ ಆಂಧ್ರಪ್ರದೇಶ ಸರಕಾರ, ಅಂದರೆ ನಾವೂ ಓಟು ಹಾಕಿದ್ದ ಸರಕಾರ, ಏಕಸ್ವಾಮ್ಯ ವ್ಯಾಪಾರವನ್ನು ವಿಚಾರಿಸುವ ಆಯೋಗದ ಮುಂದೆ ದೂರು ಒಯ್ದಿತು. ಆಯೋಗದ ಆದೇಶ ಬಂದ ಮೇಲೆ ಪೊಟ್ಟಣದ ಬೆಲೆಯನ್ನು ೭೫೦ ರೂಪಾಯಿಗೆ ಇಳಿಸಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಒಬ್ಬೊಬ್ಬ ಒಕ್ಕಲಿಗನು ಅಮೆರಿಕಾದ ಬಾಗಿಲು ತಟ್ಟಿ ಇದನ್ನು ಪಡೆಯಲು ಆಗುತ್ತಿತ್ತೇ? ಆಗುತ್ತಿರಲಿಲ್ಲ. ಸರಕಾರ ನಮ್ಮ ಪರವಾಗಿ ನಿಂತಿತು, ಬೆಲೆ ಇಳಿಯಿತು. ಇನ್ನು ಯೋಚಿಸಿ. ನಾಳೆ ಇಂಥದೇ ದೂರು ಎದ್ದಾಗ, ಮಂತ್ರಿಯ ಕುರ್ಚಿಯಲ್ಲಿ ಕೂತವನೇ ಆ ಕಂಪನಿಯ ಏಜೆಂಟನಾಗಿದ್ದರೆ, ಶಾಸಕನ ಅಳಿಯನೇ ಆರ್ಗನೈಸರನಾಗಿದ್ದರೆ, ಆ ಕಾಗದ ದೆಹಲಿಯವರೆಗೆ ಹೋಗುತ್ತದೆಯೇ? ಇದು ಯಾರೊಬ್ಬರ ಮೇಲಿನ ಆರೋಪವಲ್ಲ. ಕೇಳಿ ತಿಳಿದುಕೊಳ್ಳಬೇಕಾದ ಪ್ರಶ್ನೆ.

ಹಾಗೆಂದು ಪರದೇಶದವರೆಲ್ಲ ಶತ್ರುಗಳು ಎಂಬ ಕೂಗಿಗೆ ನಾವು ದನಿಗೂಡಿಸಬಾರದು. ನಮ್ಮ ಮಕ್ಕಳು ಗಲ್ಫಿನಲ್ಲಿ ದುಡಿಯುತ್ತಾರೆ. ಹೈದರಾಬಾದಿನಲ್ಲಿ ಹೊರದೇಶದ ಕಂಪನಿಗಳಲ್ಲಿ ಕಾವಲು ಕಾಯುತ್ತಾರೆ, ಕಸ ಗುಡಿಸುತ್ತಾರೆ, ಕಂಪ್ಯೂಟರಿನ ಮುಂದೆಯೂ ಕೂಡುತ್ತಾರೆ. ಸ್ವದೇಶಿ ಧಣಿ ಕೂಲಿ ಮುರಿದುಕೊಂಡರೆ ಅದು ಸಿಹಿಯಾಗುವುದಿಲ್ಲ. ನಮ್ಮ ತಕರಾರು ಮುಚ್ಚಿಟ್ಟ ನಂಟಿನ ಬಗ್ಗೆ, ಎರಡೂ ಕಡೆ ಕೂಡುವುದರ ಬಗ್ಗೆ. ಈ ನಿಯಮ ನಮಗೂ ಸಲ್ಲುತ್ತದೆ. ಸಂಘದ ಪದಾಧಿಕಾರಿಯಾದವನು ಅದೇ ಕಾರ್ಖಾನೆಯಲ್ಲಿ ಲೇಬರ್ ಕಂಟ್ರಾಕ್ಟು ಹಿಡಿಯಬಾರದು. ನಮ್ಮ ಮನೆಯಲ್ಲಿ ದೀಪವಿಲ್ಲದೆ ಊರ ಕತ್ತಲೆಯನ್ನು ಬೈಯುವುದು ಚೆನ್ನಲ್ಲ.

ಮಾಡತಕ್ಕದ್ದೇನು? ದೊಡ್ಡ ಕೆಲಸವೇನೂ ಇಲ್ಲ. ಮುಂದಿನ ಚುನಾವಣೆಯಲ್ಲಿ ನಾಮಪತ್ರ ಹಾಕಿದ ಮರುದಿನವೇ ಪ್ರತಿಯೊಬ್ಬ ಉಮೇದುವಾರನ ಪ್ರಮಾಣಪತ್ರವನ್ನು ತರಿಸಿಕೊಳ್ಳಬೇಕು. ಓದಲು ಬಲ್ಲ ಹುಡುಗ ಹುಡುಗಿಯರು ಅದನ್ನು ಓಣಿಯಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಅನಂತರ ಎಲ್ಲ ಪಕ್ಷದವರಿಗೂ ಒಂದೇ ಕಾಗದ, ಒಂದೇ ಐದು ಪ್ರಶ್ನೆ ಕೊಡಬೇಕು. ನೀವು ಅಥವಾ ನಿಮ್ಮ ಮನೆಯವರು, ದುಡಿಯುವ ಮಕ್ಕಳು ಅಳಿಯಂದಿರೂ ಸೇರಿ, ಯಾವ ಯಾವ ಕಂಪನಿಯಲ್ಲಿ ಪಾಲುದಾರರು? ಯಾವ ಕಂಪನಿಯ ಏಜೆಂಟರು, ಆರ್ಗನೈಸರರು? ಆ ಕಂಪನಿಗಳ ಕೊನೆಯ ಒಡೆಯರು ಯಾವ ದೇಶದವರು? ಅವರಿಂದ ಸಾಲವನ್ನೋ ದೇಣಿಗೆಯನ್ನೋ ಪಡೆದಿದ್ದೀರಾ? ಗೆದ್ದರೆ ಆ ಕಂಪನಿಯ ವಿಷಯ ಸಭೆಗೆ ಬಂದಾಗ ನಂಟನ್ನು ಮೊದಲು ಹೇಳಿ, ಓಟು ಹಾಕದೆ ಹಿಂದೆ ಸರಿಯುತ್ತೀರಾ?

ಬಾಯಿಮಾತು ಬೇಡ, ಉತ್ತರ ಬರಹದಲ್ಲಿ ಬರಲಿ. ಬಂದ ಉತ್ತರವನ್ನು ಇದ್ದಂತೆಯೇ ಎಲ್ಲರಿಗೂ ಓದಿ ಹೇಳೋಣ. ಬರದಿದ್ದರೆ ಬರಲಿಲ್ಲವೆಂದು ಹೇಳೋಣ. ಹೌದು, ನನಗೆ ಇಂಥ ಕಂಪನಿಯ ನಂಟಿದೆ ಎಂದು ಧೈರ್ಯವಾಗಿ ಬರೆದುಕೊಟ್ಟವನನ್ನು ಗೌರವಿಸೋಣ. ಬಚ್ಚಿಟ್ಟುಕೊಂಡವನಿಗಿಂತ ಅವನು ಎಷ್ಟೋ ಮೇಲು. ಯಾರಿಗೆ ಓಟು ಹಾಕಬೇಕೆಂದು ಮಾತ್ರ ಸಂಘವು ಹೇಳಬಾರದು. ಅದು ನಿಮ್ಮ ನಿಮ್ಮ ಮನಸ್ಸಾಕ್ಷಿಗೆ ಸೇರಿದ್ದು.

ಕೂಲಿಗೆ ಹೋಗುವ ಮುಂಚೆ ಮೇಸ್ತ್ರಿಯ ಪೂರ್ವೋತ್ತರ ವಿಚಾರಿಸುವ ಜನ ನಾವು. ಎರಡು ತಿಂಗಳ ಕೂಲಿಗೆ ಅಷ್ಟು ವಿಚಾರಿಸುವವರು ಐದು ವರ್ಷದ ಆಳ್ವಿಕೆಗೂ ಅಷ್ಟೇ ವಿಚಾರಿಸೋಣ. ಐದು ಪ್ರಶ್ನೆಗಳ ಕಾಗದದ ಪ್ರತಿಗಳು ಬಾಗಿಲ ಹತ್ತಿರ ಇವೆ. ಊರಿಗೆ ಒಂದರಂತೆ ತೆಗೆದುಕೊಂಡು ಹೋಗಿರಿ.